ಮಳೆಗಾಲದ ಶನಿವಾರಗಳಿಗೆ ಹಳೇ ಬಿಎಫ್‌ಸಿ ಪಂದ್ಯ: ಯಾವ ಕೋಚ್‌ದು, ಎಷ್ಟನೇ ನಿಮಿಷದಿಂದ?

ತುಂಗೆ ದಂಡೆ (ತೀರ್ಥಹಳ್ಳಿ)

ಎಲ್ಲರಿಗೂ ನಮಸ್ಕಾರ. ಜೂನ್ ಎರಡನೇ ವಾರ ದಾಟಿದ್ರೆ ನಮ್ಮ ಕಡೆ ಮೈದಾನ ಅಂದ್ರೆ ಗದ್ದೆ. ವಾರಕ್ಕೆ ಒಂದು ಬೆಳಗ್ಗೆ ಆಡೋಕೆ ಸಿಕ್ಕರೆ ಪುಣ್ಯ. ಅದಕ್ಕೇ ಈ ಮಳೆಗಾಲದ ಎಂಟು ಶನಿವಾರ ಸಂಜೆ ಹುಡುಗರನ್ನ ಕೂರಿಸಿ ಬೆಂಗಳೂರು ಎಫ್‌ಸಿಯ (ಬಿಎಫ್‌ಸಿ) ಹಳೇ ಫುಟ್‌ಬಾಲ್ ಪಂದ್ಯ ತೋರಿಸೋದು ಅಂತ ತೀರ್ಮಾನ ಆಗಿದೆ. 18 ಹುಡುಗರು, 14ರಿಂದ 16 ವರ್ಷ. ಇವರಿಗೆ ಸುನಿಲ್ ಛೇತ್ರಿ ಗೊತ್ತು, ಗುರ್‌ಪ್ರೀತ್ ಗೊತ್ತು. ಕರ್ಟಿಸ್ ಒಸಾನೊ ಅಂದ್ರೆ ಯಾರು, ಯುಜೀನ್‌ಸನ್ ಲಿಂಗ್ಡೊ ಕಾಲಲ್ಲಿ ಎಂಥ ಕಸುಬು ಇತ್ತು, ಮೊದಲ ಕೋಚ್ ಆಶ್ಲಿ ವೆಸ್ಟ್‌ವುಡ್ ಈ ಕ್ಲಬ್ಬಿಗೆ ಏನು ಕಟ್ಟಿಕೊಟ್ಟು ಹೋದ್ರು, ಇದ್ಯಾವುದೂ ಗೊತ್ತಿಲ್ಲ. ಗೊತ್ತಾಗಬೇಕು.

ಹಾಕಿಕೊಂಡಿರೋ ಪಟ್ಟಿ ಇದು. ವೆಸ್ಟ್‌ವುಡ್ ಕಾಲದ್ದು ಮೂರು: 21 ಏಪ್ರಿಲ್ 2014, ಗೋವಾದಲ್ಲಿ ಡೆಂಪೊ ವಿರುದ್ಧ 4-2, ಮೊದಲ ವರ್ಷವೇ ಐ-ಲೀಗ್ (ಆಗಿನ ದೇಶದ ಅಗ್ರ ಲೀಗ್) ಗೆದ್ದಿದ್ದು. 31 ಮೇ 2015, ಕಂಠೀರವದಲ್ಲಿ ಮೋಹನ್ ಬಾಗಾನ್ ಜತೆ 1-1. 19 ಅಕ್ಟೋಬರ್ 2016, ಮಲೇಷ್ಯಾದ ಜೋಹೊರ್ ವಿರುದ್ಧ 3-1. ಆಮೇಲೆ ಆಲ್ಬರ್ಟ್ ರೋಕಾ ಅವರ 2018ರ ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ಫೈನಲ್, ಕಾರ್ಲೆಸ್ ಕ್ವಾಡ್ರಾಟ್ ಅವರ 2019ರ ಫೈನಲ್, ಸೈಮನ್ ಗ್ರೇಸನ್ ಕಾಲದ ಡುರಾಂಡ್ ಕಪ್ ಫೈನಲ್ ಮತ್ತು 2023ರ ಕೇರಳ ಬ್ಲಾಸ್ಟರ್ಸ್ ಪಂದ್ಯ. ಒಂದು ಶನಿವಾರ ಖಾಲಿ ಇದೆ.

ಕೇಳೋದು ಮೂರು. ಈ ಸಾಲು ಸರಿ ಇದೆಯಾ? ಪೂರ್ತಿ 90 ನಿಮಿಷ ಹುಡುಗರು ಕೂರಲ್ಲ, ಯಾವ ಭಾಗ ತೋರಿಸಬೇಕು? ನೋಡಿದ್ದನ್ನ ಭಾನುವಾರ ಬೆಳಗ್ಗೆ ಮಳೆ ಬಿಟ್ಟ ಹೊತ್ತಲ್ಲಿ ಮೈದಾನಕ್ಕೆ ಇಳಿಸೋದು ಹೇಗೆ? ಗೊತ್ತಿದ್ದವರು ಬಿಡಿಸಿ ಹೇಳಿ.

ಪಶ್ಚಿಮ ಸ್ಟ್ಯಾಂಡ್ (ಶಿವಮೊಗ್ಗ)

ಒಳ್ಳೇ ಕೆಲಸ ಮಾರಾಯ್ರೆ. ಮೊದಲು ಒಂದು ತಿದ್ದುಪಡಿ. ಜೋಹೊರ್ ಪಂದ್ಯ ವೆಸ್ಟ್‌ವುಡ್ ಅವರದ್ದಲ್ಲ, ರೋಕಾ ಅವರದ್ದು. 2016ರ ಎಎಫ್‌ಸಿ ಕಪ್ (ಏಷ್ಯಾದ ಕ್ಲಬ್ಬುಗಳ ಟೂರ್ನಿ) ಇಬ್ಬರು ಕೋಚ್‌ಗಳ ಕೈಯಲ್ಲಿ ಸಾಗಿದ ಟೂರ್ನಿ, ಅದಕ್ಕೇ ಈ ಗೊಂದಲ ಎಲ್ಲರಿಗೂ ಆಗುತ್ತೆ. ಗುಂಪಿನ ಪಂದ್ಯಗಳು ಮತ್ತು ಮೇ ತಿಂಗಳಲ್ಲಿ ಹಾಂಗ್‌ಕಾಂಗ್‌ಗೆ ಹೋಗಿ ಕಿಟ್ಚೀ ತಂಡವನ್ನ 3-2ರಿಂದ ಸೋಲಿಸಿದ್ದು ವೆಸ್ಟ್‌ವುಡ್. ಆಮೇಲೆ ಅವರು ಬಿಟ್ಟರು, ಜುಲೈನಲ್ಲಿ ರೋಕಾ ಬಂದರು. ಸೆಪ್ಟೆಂಬರಿನಲ್ಲಿ ಟ್ಯಾಂಪೈನ್ಸ್ ರೋವರ್ಸ್, ಅಕ್ಟೋಬರಿನಲ್ಲಿ ಜೋಹೊರ್, 5 ನವೆಂಬರ್ ದೋಹಾದಲ್ಲಿ ಫೈನಲ್. ಹುಡುಗರಿಗೆ ಇದನ್ನೇ ಹೇಳಿ: ಒಬ್ಬರು ಉತ್ತ ಗದ್ದೆಯಲ್ಲಿ ಇನ್ನೊಬ್ಬರು ನಾಟಿ ಮಾಡಿದ್ರು.

ಆದರೆ ನನ್ನ ಮಾತು ಬೇರೆ. ಕೋಚ್ ಹೆಸರು ಹಿಡ್ಕೊಂಡು ಪಟ್ಟಿ ಮಾಡೋದರ ಬದಲು ಒಂದೇ ಎಳೆ ಹಿಡಿದು ತೋರಿಸಿ. ಆ ಎಳೆ ಕಾರ್ನರ್ ಕಿಕ್. ಈ ಕ್ಲಬ್ಬಿನ ದೊಡ್ಡ ಸಂತೋಷ, ದೊಡ್ಡ ಸಂಕಟ ಎರಡೂ ಮೈದಾನದ ಆ ಮೂಲೆಯಿಂದಲೇ ಬಂದಿವೆ.

31 ಮೇ 2015 ತಗೊಳ್ಳಿ. ಲೀಗಿನ ಕೊನೇ ಪಂದ್ಯ. ಬಾಗಾನ್‌ಗೆ ಡ್ರಾ ಸಾಕು, ನಮಗೆ ಗೆಲುವೇ ಬೇಕು. ಮೊದಲಾರ್ಧ ಮುಗಿಯೋ ಹೊತ್ತಿಗೆ ಜಾನ್ ಜಾನ್ಸನ್ ಗೋಲು ಹೊಡೆದು 1-0. ಕಪ್ ಕೈಯಲ್ಲಿದೆ. 87ನೇ ನಿಮಿಷ, ಸೋನಿ ನಾರ್ಡೆ ಕಾರ್ನರ್, ಬೆಲ್ಲೊ ರಜಾಕ್ ಹೆಡರ್, 1-1. ಕಪ್ ಕೋಲ್ಕತ್ತಾಗೆ ಹೋಯ್ತು. ಇಡೀ ವರ್ಷ ಒಂದು ಕಾರ್ನರಿಗೆ ಕರಗಿತು.

ಮೂರು ವರ್ಷ ಬಿಟ್ಟು 17 ಮಾರ್ಚ್ 2018. ಐಎಸ್‌ಎಲ್‌ಗೆ ಬಂದ ಮೊದಲ ವರ್ಷ, 18 ಪಂದ್ಯಕ್ಕೆ 40 ಅಂಕ, ಎರಡನೇ ಸ್ಥಾನದ ಚೆನ್ನೈಯಿನ್‌ಗಿಂತ 8 ಅಂಕ ಮುಂದೆ. ಫೈನಲ್ ನಮ್ಮದೇ ಕಂಠೀರವದಲ್ಲಿ. 9ನೇ ನಿಮಿಷಕ್ಕೆ ಉದಾಂತ ಕೊಟ್ಟ ಕ್ರಾಸಿಗೆ ಛೇತ್ರಿ ನೆಲಕ್ಕೆ ಬಿದ್ದು ತಲೆ ಕೊಟ್ಟ ಆ ಗೋಲು ಇವತ್ತಿಗೂ ಕಣ್ಣಿಗೆ ಕಟ್ಟುತ್ತೆ. ಆದರೆ 17ನೇ ನಿಮಿಷ ಗ್ರೆಗರಿ ನೆಲ್ಸನ್ ಕಾರ್ನರ್, ಮೈಲ್ಸನ್ ಆಲ್ವೆಸ್ ಹೆಡರ್. 45ನೇ ನಿಮಿಷ ಮತ್ತೆ ಅದೇ ನೆಲ್ಸನ್, ಅದೇ ಮೈಲ್ಸನ್. ಎರಡು ಕಾರ್ನರ್, ಒಬ್ಬನೇ ಸೆಂಟರ್‌ಬ್ಯಾಕ್ (ನಡುವಿನ ಡಿಫೆಂಡರ್). ರಫಾಯೆಲ್ ಅಗಸ್ಟೊ ಮೂರನೆಯದು ಹಾಕಿದ, ಮೀಕು ಕೊನೆಗೆ ಒಂದು ವಾಪಸ್ ಕೊಟ್ಟರೂ 2-3.

ಸರಿಯಾಗಿ ಒಂದು ವರ್ಷ. 17 ಮಾರ್ಚ್ 2019, ಮುಂಬೈ, ಎದುರಿಗೆ ಎಫ್‌ಸಿ ಗೋವಾ. 117ನೇ ನಿಮಿಷ ದಿಮಾಸ್ ದೆಲ್ಗಾಡೊ ಕಾರ್ನರ್, ರಾಹುಲ್ ಭೆಕೆ ಹೆಡರ್, 1-0. ಅದೇ ತಾರೀಖು, ಅದೇ ಬಗೆಯ ಗೋಲು, ಈ ಸಲ ನಮ್ಮ ಕಡೆಗೆ.

ಈ ಮೂರನ್ನ ಸತತ ಮೂರು ಶನಿವಾರ ಇಡಿ. ಯಾರು ಗೆದ್ದರು ಅಂತ ಮೊದಲೇ ಹೇಳಿಬಿಡಿ, ಮುಚ್ಚಿಡಬೇಡಿ. ಫಲಿತಾಂಶ ಗೊತ್ತಿದ್ದರೆ ಕಣ್ಣು ಚೆಂಡನ್ನ ಬಿಟ್ಟು ಆಟಗಾರರ ಮೇಲೆ ಹೋಗುತ್ತೆ. ಕಾರ್ನರ್ ಒದೆಯೋ ಮುಂಚೆ ವಿಡಿಯೊ ನಿಲ್ಲಿಸಿ, ಗೋಲಿನ ಮುಂದೆ ನಮ್ಮವರು ಎಷ್ಟು ಜನ, ಎದುರಾಳಿಗಳು ಎಷ್ಟು ಜನ ಎಣಿಸೋಕೆ ಹೇಳಿ. ಯಾರು ಯಾರನ್ನ ಹಿಡಿದಿದ್ದಾರೆ, ಯಾರು ಬರೀ ಜಾಗ ಕಾಯ್ತಿದ್ದಾರೆ ಅಂತ ಕಾಗದದ ಮೇಲೆ ಗುರುತು ಹಾಕಿಸಿ. ಆಮೇಲೆ ಬಿಡಿ. ಒಂದು ಕಾರ್ನರಿಗೆ ಐದು ನಿಮಿಷ ಹೋದರೂ ನಷ್ಟ ಇಲ್ಲ.

ಜಂಬಿಟ್ಟಿಗೆ ಗ್ರೌಂಡ್ (ಸಾಗರ)

ಪಶ್ಚಿಮ ಸ್ಟ್ಯಾಂಡ್ ಅವರ ಎಳೆ ಒಪ್ಪಿಗೆ. ಆದರೆ ವೆಸ್ಟ್‌ವುಡ್ ಅವರನ್ನ ಬರೀ 2015ರ ಕಾರ್ನರಿಗೆ ಕಟ್ಟಿಹಾಕೋದು ಅನ್ಯಾಯ. 2013ರ ಜುಲೈನಲ್ಲಿ ಹುಟ್ಟಿದ ಕ್ಲಬ್, ಸೆಪ್ಟೆಂಬರಿನಲ್ಲಿ ಮೊದಲ ಪಂದ್ಯ, ಮುಂದಿನ ಏಪ್ರಿಲಿನಲ್ಲಿ ಲೀಗ್ ಚಾಂಪಿಯನ್. ಅದೂ ಮೊದಲ ವರ್ಷ ಕಂಠೀರವದಲ್ಲಲ್ಲ, ಅಶೋಕನಗರದ ಫುಟ್‌ಬಾಲ್ ಸ್ಟೇಡಿಯಮ್ಮಿನ ಟರ್ಫ್ ಮೇಲೆ. 2015ರ ಜನವರಿಯಲ್ಲಿ ಫೆಡರೇಶನ್ ಕಪ್, 2016ರಲ್ಲಿ ಮತ್ತೆ ಐ-ಲೀಗ್. ಮೂರು ವರ್ಷಕ್ಕೆ ಮೂರು ದೊಡ್ಡ ಕಪ್. ಮುಖ್ಯ ಕೋಚ್ ಆಗಿ ಅದು ಅವರ ಮೊದಲ ಕೆಲಸ ಅನ್ನೋದನ್ನೂ ಹುಡುಗರಿಗೆ ಹೇಳಿ.

ಆ ತಂಡದ ಬೆನ್ನೆಲುಬು ಜಾನ್ಸನ್-ಒಸಾನೊ ಜೋಡಿ. ಒಬ್ಬ ಇಂಗ್ಲೆಂಡಿನವ, ಒಬ್ಬ ಕೀನ್ಯಾದವ. 2014ರ ಪಂದ್ಯ ತೋರಿಸುವಾಗ ಗೋಲುಗಳನ್ನ ಬಿಟ್ಟು ಇವರಿಬ್ಬರನ್ನೇ ಹದಿನೈದು ನಿಮಿಷ ನೋಡೋಕೆ ಹೇಳಿ. ಚೆಂಡು ಒಬ್ಬನ ಕಡೆ ಬಂದ್ರೆ ಇನ್ನೊಬ್ಬ ಎಲ್ಲಿಗೆ ಹೋಗ್ತಾನೆ? ಒಬ್ಬ ಎದುರಾಳಿಗೆ ಮೈ ಕೊಟ್ಟು ಹಾರಿದಾಗ ಇನ್ನೊಬ್ಬ ನಾಲ್ಕೈದು ಹೆಜ್ಜೆ ಹಿಂದೆ, ಗೋಲಿನ ಕಡೆಗೆ ಓರೆಯಾಗಿ ನಿಂತಿರಬೇಕು. ಇಬ್ಬರೂ ಒಟ್ಟಿಗೆ ಹಾರಿದ್ರೆ ಹಿಂದೆ ಬಾಗಿಲು ತೆಗೆದಿಟ್ಟಂತೆ. ನಮ್ಮ ತಾಲ್ಲೂಕು ಮಟ್ಟದ ಪಂದ್ಯಗಳಲ್ಲಿ ಬೀಳೋ ಗೋಲುಗಳಲ್ಲಿ ಈ ಜಾತಿಯವು ಬಹಳ. ಬಲಬದಿಯ ರಿನೊ ಆಂಟೊ, ನಡುವೆ ನಮ್ಮ ಬೆಂಗಳೂರಿನ ಶಂಕರ್ ಸಂಪಂಗಿರಾಜ್, ಇವರ ಹೆಸರೂ ಹುಡುಗರ ಬಾಯಲ್ಲಿ ಬರಲಿ.

ಮಳೆಗಾಲಕ್ಕೆ ವೆಸ್ಟ್‌ವುಡ್ ಆಟವೇ ಸರಿ ಅಂತ ನಾನು ಹೇಳೋದಕ್ಕೆ ಕಾರಣ ನಮ್ಮ ನೆಲ. ಜಂಬಿಟ್ಟಿಗೆ ಮಣ್ಣು ಬೇಸಿಗೆಯಲ್ಲಿ ಸಿಮೆಂಟು, ಮಳೆಯಲ್ಲಿ ಮೇಲಿನ ಒಂದಿಂಚು ಬೆಣ್ಣೆ. ಹೊಂಡದಲ್ಲಿ ನೀರು ನಿಂತ್ರೆ ನೆಲದ ಪಾಸ್ ಅರ್ಧ ದಾರಿಗೇ ಸಾಯುತ್ತೆ. ಆಗ ಬದಿಯಿಂದ ಬೇಗ ಮುಂದಕ್ಕೆ, ಗಾಳಿಯಲ್ಲಿ, ತಲೆಗೆ ತಾಗಿ ಚಿಮ್ಮಿ ಬೀಳೋ ಎರಡನೇ ಚೆಂಡಿಗೆ ಮೂರು ಜನ ಸಿದ್ಧ. ಈ ನೇರ ಆಟವನ್ನ ಅವಮಾನ ಅಂತ ತಿಳಿಯೋರು ಇದ್ದಾರೆ. ನೀರು ನಿಂತ ಮೈದಾನದಲ್ಲಿ ಅದೇ ಬುದ್ಧಿವಂತಿಕೆ.

ಇನ್ನು ಭಾನುವಾರದ ಕೆಲಸ. ಕಾರ್ನರ್ ತಡೆಯೋದು ಹೇಳ್ತೀನಿ. ಗೋಲಿಯನ್ನ (ಗೋಲ್‌ಕೀಪರ್) ಬಿಟ್ಟು ಹತ್ತು ಜನ. ಹತ್ತಿರದ ಕಂಬದ ಬಳಿ ಒಬ್ಬ. ಚಿಕ್ಕ ಪೆಟ್ಟಿಗೆಯ ಗೆರೆ ಗೋಲಿನಿಂದ 5.5 ಮೀಟರ್ ದೂರ ಇರುತ್ತಲ್ಲ, ಆ ಗೆರೆಯುದ್ದಕ್ಕೂ ನಾಲ್ವರು, ನಡುವೆ ಒಂದೂವರೆ ಮೀಟರ್ ಅಂತರ, ಅವರಲ್ಲಿ ಎತ್ತರದವನು ನಡುವಿನಲ್ಲಿ. ಅವರ ಮುಂದೆ ಮೂವರು, ಎದುರಾಳಿಯ ಮೂರು ಬಲಿಷ್ಠ ಹೆಡರ್‌ಗಾರರಿಗೆ ಅಡ್ಡ. ಇವರ ಕೆಲಸ ಚೆಂಡು ಗೆಲ್ಲೋದಲ್ಲ, ಓಟ ಕೆಡಿಸೋದು. ದೊಡ್ಡ ಪೆಟ್ಟಿಗೆಯ (ಪೆನಾಲ್ಟಿ ಏರಿಯಾ) ಅಂಚಿಗೆ ಒಬ್ಬ. ಮುಂದೆ ಒಬ್ಬ.

ಎಲ್ಲಿ ತಪ್ಪಾಗುತ್ತೆ ಅಂದ್ರೆ, ಗೆರೆ ಮೇಲಿನ ನಾಲ್ವರು ನಿಂತಲ್ಲೇ ನಿಂತು ಹಾರ್ತಾರೆ. ಓಡಿ ಬಂದು ಹಾರಿದವನ ಎದುರು ನಿಂತು ಹಾರಿದವನು ಒಂದು ತಲೆಯಷ್ಟು ಕೆಳಗೇ ಇರ್ತಾನೆ. ಅದಕ್ಕೇ ಅವರು ಗೆರೆಯಿಂದ ಅರ್ಧ ಮೀಟರ್ ಒಳಗೆ, ಅಂದ್ರೆ ಗೋಲಿನ ಕಡೆಗೆ, ಒಂದು ಕಾಲು ಹಿಂದಿಟ್ಟು ಓರೆಯಾಗಿ ನಿಲ್ಲಬೇಕು. ಚೆಂಡು ಬಂದಾಗ ಮುಂದಕ್ಕೆ ಎರಡು ಹೆಜ್ಜೆ ಇಟ್ಟು ಹಾರೋಕೆ ಜಾಗ ಇರಬೇಕು. ಹಿಂದಕ್ಕೆ ಹೋಗ್ತಾ ಹೊಡೆದ ಹೆಡರ್ ಯಾವತ್ತೂ ಗಿಡ್ಡ.

ಎರಡನೇ ತಪ್ಪು ಇನ್ನೂ ದೊಡ್ಡದು. ಚೆಂಡು ಪೆಟ್ಟಿಗೆಯಿಂದ ಹೊರಗೆ ಹೋದ ಕೂಡಲೇ ನಿಟ್ಟುಸಿರು ಬಿಟ್ಟು ಅಲ್ಲೇ ನಿಲ್ಲೋದು. ಗೋಲಿ "ಹೊರಗೆ!" ಅಂತ ಕೂಗಬೇಕು, ಮೂರು ಸೆಕೆಂಡಿನಲ್ಲಿ ಎಲ್ಲರೂ ಪೆನಾಲ್ಟಿ ಚುಕ್ಕೆಯವರೆಗೆ ಬರಬೇಕು. ಕಾರ್ನರ್ ಒದ್ದ ಚೆಂಡನ್ನ ನೇರವಾಗಿ ಪಡೆದವನಿಗೆ ಆಫ್‌ಸೈಡ್ (ನಮ್ಮ ಡಿಫೆಂಡರ್‌ಗಳನ್ನ ದಾಟಿ ಗೋಲಿನ ಹತ್ತಿರ ನಿಂತ ತಪ್ಪು) ಇಲ್ಲ. ಅದು ಹೊರಗೆ ಹೋಗಿ ಅವರ ಕಡೆಯವನೇ ಮತ್ತೆ ಒಳಗೆ ಒದ್ದರೆ ಆಫ್‌ಸೈಡ್ ಇದೆ. ನಾವು ಹೊರಗೆ ಬಂದಿದ್ರೆ ಅವರ ನಾಲ್ವರು ಒಳಗೇ ಸಿಕ್ಕಿಬೀಳ್ತಾರೆ. ಒಬ್ಬನೇ ಒಬ್ಬ ಕಂಬದ ಹತ್ತಿರ ಉಳಿದ್ರೂ ಇಷ್ಟೂ ವ್ಯರ್ಥ.

ಮೊದಲು ಚೆಂಡಿಲ್ಲದೆ ನಡೆದು ಜಾಗ ತೋರಿಸಿ, ಹತ್ತು ನಿಮಿಷ. ಆಮೇಲೆ ಕೈಯಿಂದ ಎಸೆದ ಚೆಂಡಿಗೆ ಎರಡೂ ಬದಿಯಿಂದ ಐದೈದು. ಕೊನೆಗೆ ಒದ್ದ ಚೆಂಡು, ಐದೈದು. ಅಷ್ಟಾದ ಮೇಲೆ ನಿಲ್ಲಿಸಿ. ಸುಸ್ತಾದ ಕಾಲು ಕೆಸರಿನಲ್ಲಿ ಜಾರಿದ್ರೆ ಮಂಡಿಗೆ ಪೆಟ್ಟು.

ಹುಲಿಕಲ್ 8

ಸಾಗರದವರ ಮಾತು ಮಳೆಗಾಲಕ್ಕೆ ಸರಿ. ಆದರೆ ಹುಡುಗರು ಬರೀ ಮಳೆಗಾಲದಲ್ಲಿ ಆಡೋರಲ್ಲ. ನವೆಂಬರಿನಿಂದ ಮೇವರೆಗೆ ನೆಲ ಗಟ್ಟಿ ಇರುತ್ತೆ. ಆ ಏಳು ತಿಂಗಳಿಗೆ ರೋಕಾ ಬೇಕು.

ರೋಕಾ ಬಾರ್ಸಿಲೋನಾದಲ್ಲಿ ಫ್ರಾಂಕ್ ರೈಕಾರ್ಡ್ ಅವರಿಗೆ ಸಹಾಯಕರಾಗಿದ್ದವರು, ನಮ್ಮಲ್ಲಿಗೆ ಬರೋ ಮುಂಚೆ ಎಲ್ ಸಾಲ್ವಡಾರ್ ದೇಶದ ತಂಡದ ಕೋಚ್. ಅವರ ಜತೆ ಸಹಾಯಕರಾಗಿ ಬಂದವರೇ ಕ್ವಾಡ್ರಾಟ್, ಆಮೇಲೆ 2018ರಲ್ಲಿ ಕುರ್ಚಿ ಅವರಿಗೇ ಬಂತು. ರೋಕಾ ಮಾಡಿದ ದೊಡ್ಡ ಕೆಲಸ ಅಂದ್ರೆ, ಬಹುಪಾಲು ವೆಸ್ಟ್‌ವುಡ್ ಕಾಲದ ಆಟಗಾರರನ್ನೇ ಇಟ್ಟುಕೊಂಡು ಗೋಲಿಯಿಂದಲೇ ಆಟ ಕಟ್ಟೋದು ಕಲಿಸಿದ್ದು. ಅದೂ ಮೂರೇ ತಿಂಗಳಲ್ಲಿ. ಜೋಹೊರ್ ಆಗ ಹಾಲಿ ಎಎಫ್‌ಸಿ ಕಪ್ ಚಾಂಪಿಯನ್. ಅವರ ಊರಿನಲ್ಲಿ 1-1, ಇಲ್ಲಿ 11ನೇ ನಿಮಿಷಕ್ಕೇ ಸಫಿಕ್ ರಹೀಮ್ ಗೋಲು. ಅಲ್ಲಿಂದ ತಂಡ ಗಾಬರಿಯಾಗಿ ಉದ್ದಕ್ಕೆ ಒದೆಯಲಿಲ್ಲ. 12ರಿಂದ 41ನೇ ನಿಮಿಷದವರೆಗಿನ ಆ ಅರ್ಧ ಗಂಟೆ ತೋರಿಸಿ, ಗೋಲುಗಳಿಗಿಂತ ಅದು ಮುಖ್ಯ. 41ಕ್ಕೆ ಛೇತ್ರಿ ಹೆಡರ್, 67ಕ್ಕೆ ಛೇತ್ರಿ ದೂರದಿಂದ ಹೊಡೆದದ್ದು, ಆಮೇಲೆ ಹುವಾನನ್. ಭಾರತದ ಕ್ಲಬ್ಬೊಂದು ಎಎಫ್‌ಸಿ ಕಪ್ ಫೈನಲ್ ಮುಟ್ಟಿದ್ದು ಅದೇ ಮೊದಲು.

ಖಾಲಿ ಇರೋ ಶನಿವಾರಕ್ಕೆ ದೋಹಾ ಫೈನಲ್ ಹಾಕಿ. ಇರಾಕಿನ ಏರ್‌ಫೋರ್ಸ್ ಕ್ಲಬ್ ವಿರುದ್ಧ 0-1, 70ನೇ ನಿಮಿಷ ಹಮ್ಮಾದಿ ಅಹ್ಮದ್. ಆ ದಿನ ಗೋಲಿ ಅಮರಿಂದರ್ ಕಾರ್ಡುಗಳಿಂದ ಹೊರಗಿದ್ದ, ಲಾಲ್‌ತುವಮ್ಮಾವಿಯಾ ರಾಲ್ಟೆ ನಿಂತಿದ್ದ. ಎರಡನೇ ಗೋಲಿಯನ್ನ ವರ್ಷವಿಡೀ ಯಾಕೆ ಸಿದ್ಧ ಇಡಬೇಕು ಅನ್ನೋದಕ್ಕೆ ಇದಕ್ಕಿಂತ ಪಾಠ ಬೇಕಾ? ನಿಮ್ಮ 18 ಹುಡುಗರಲ್ಲಿ ಇಬ್ಬರು ಗೋಲಿಗಳು ಇರಲೇಬೇಕು, ಅಭ್ಯಾಸದಲ್ಲಿ ಇಬ್ಬರಿಗೂ ಸಮಪಾಲು.

ಒಂದು ಎಚ್ಚರಿಕೆ. ಹಳೇ ಪಂದ್ಯ ನೋಡುವಾಗ ಹುಡುಗರು ಕೇಳೇ ಕೇಳ್ತಾರೆ, ಗೋಲ್‌ಕಿಕ್ ಮಾಡುವಾಗ ಡಿಫೆಂಡರ್‌ಗಳು ಪೆಟ್ಟಿಗೆಯ ಹೊರಗೆ ಯಾಕೆ ನಿಂತಿದ್ದಾರೆ ಅಂತ. ಆಗಿನ ನಿಯಮ ಹಾಗಿತ್ತು, ಚೆಂಡು ದೊಡ್ಡ ಪೆಟ್ಟಿಗೆ ದಾಟೋವರೆಗೆ ಯಾರೂ ಮುಟ್ಟೋ ಹಾಗಿರಲಿಲ್ಲ. 2019ರ ಜೂನ್‌ನಿಂದ ಅದು ಬದಲಾಯ್ತು. ಈಗ ಒದ್ದು ಚೆಂಡು ಅಲ್ಲಾಡಿದ್ರೆ ಸಾಕು, ಒಳಗೇ ನಮ್ಮವನು ತಗೋಬಹುದು, ಎದುರಾಳಿ ಮಾತ್ರ ಹೊರಗಿರಬೇಕು. ಹಾಗಾಗಿ ರೋಕಾ ಆಟ ಕಲಿಯೋದು ಆಗಿಗಿಂತ ಈಗ ಸುಲಭ.

ಬೇಸಿಗೆಗೆ ಅಭ್ಯಾಸ ಇದು. 30 ಮೀಟರ್ ಉದ್ದ 25 ಮೀಟರ್ ಅಗಲ ಗೆರೆ ಹಾಕಿ. ಗೋಲಿ, ಇಬ್ಬರು ಸೆಂಟರ್‌ಬ್ಯಾಕ್, ಅವರ ಮುಂದೆ ನಡುವಿನವನೊಬ್ಬ. ಎದುರಿಗೆ ಚೆಂಡು ಕಸಿಯೋಕೆ ಮೇಲೆ ಬಿದ್ದು ಒತ್ತೋಕೆ ಇಬ್ಬರು. ಚೆಂಡನ್ನ ನೆಲದ ಮೇಲೆ ಮುಂದಿನ ಗೆರೆ ದಾಟಿಸಬೇಕು. ಎಂಟು ಸಲ ಮಾಡಿ, ಐದು ಸಲ ಸರಿ ಬಂದ್ರೆ ಒತ್ತೋರನ್ನ ಮೂವರು ಮಾಡಿ. ಇಲ್ಲಿ ಕೆಡೋದು ಸಾಮಾನ್ಯವಾಗಿ ನಡುವಿನವನಿಂದ. ಅವನು ಒತ್ತೋ ಹುಡುಗನ ಬೆನ್ನ ಹಿಂದೆ ನೇರ ಸಾಲಿನಲ್ಲಿ ಅಡಗಿ ನಿಂತಿರ್ತಾನೆ, ಪಾಸಿಗೆ ದಾರಿಯೇ ಇಲ್ಲ. ಎರಡು ಹೆಜ್ಜೆ ಪಕ್ಕಕ್ಕೆ ಬಂದ್ರೆ ದಾರಿ ತೆರೆಯುತ್ತೆ. ಇನ್ನು ಸೆಂಟರ್‌ಬ್ಯಾಕ್ ಚೆಂಡು ತಗೊಳ್ಳುವಾಗ ಗೋಲಿಗೆ ಎದುರಾಗಿ ನಿಂತ್ರೆ ಮುಂದೆ ಏನಿದೆ ಕಾಣಲ್ಲ. ಬದಿಗೆರೆಗೆ ಬೆನ್ನು ಕೊಟ್ಟು, ದೂರದ ಕಾಲಿನಲ್ಲಿ ತಗೋಬೇಕು. ಎರಿಕ್ ಪಾರ್ಟಾಲು ಮತ್ತು ದಿಮಾಸ್ 2017-18ರಲ್ಲಿ ಇದನ್ನ ಮಾಡ್ತಿದ್ದ ರೀತಿ ಎಷ್ಟು ಸಲ ನೋಡಿದ್ರೂ ಸಾಲದು. ಚೆಂಡು ಬರೋ ಮುಂಚೆ ದಿಮಾಸ್ ತಲೆ ಎಷ್ಟು ಸಲ ತಿರುಗುತ್ತೆ ಅಂತ ಎಣಿಸೋಕೆ ಹೇಳಿ.

ತುಂಗೆ ದಂಡೆ (ತೀರ್ಥಹಳ್ಳಿ)

ತುಂಬಾ ಉಪಕಾರ ಆಯ್ತು. ಜೋಹೊರ್ ಪಂದ್ಯವನ್ನ ರೋಕಾ ಸಾಲಿಗೆ ಹಾಕಿದೆ, ದೋಹಾನೂ ಸೇರಿತು. ಇನ್ನೆರಡು ವಿಷಯ. ಶನಿವಾರ ಅಣ್ಣಂದಿರ ಜತೆ 10-11 ವರ್ಷದ ಏಳೆಂಟು ಮಕ್ಕಳೂ ಬಂದು ಕೂರ್ತಾರೆ, ಭಾನುವಾರ ಅವರೂ ಹೆಡರ್ ಹೊಡೀತೀವಿ ಅಂತಾರೆ. ಬಿಡಬಹುದಾ? ಇನ್ನೊಂದು, ತೋರಿಸೋ ಜಾಗಕ್ಕೆ ತಗಡಿನ ಮಾಡು. ಮಳೆ ಬಿದ್ದರೆ ಏನೂ ಕೇಳಲ್ಲ. ಕರೆಂಟಿನ ಕಥೆ ನಿಮಗೆಲ್ಲ ಗೊತ್ತೇ ಇದೆ.

ಅಡಿಕೆ ದಬ್ಬೆ (ಹೊಸನಗರ)

ಚಿಕ್ಕ ಮಕ್ಕಳಿಗೆ ಹೆಡರ್ ಬೇಡವೇ ಬೇಡ. ಇಂಗ್ಲೆಂಡಿನ ಫುಟ್‌ಬಾಲ್ ಸಂಸ್ಥೆ 2020ರಲ್ಲೇ ಪ್ರಾಥಮಿಕ ಶಾಲೆ ವಯಸ್ಸಿನವರ ತರಬೇತಿಯಿಂದ ಹೆಡರ್ ತೆಗೆದುಬಿಟ್ಟಿದೆ, ಮೇಲಿನ ವಯಸ್ಸಿಗೂ ಮಿತಿ ಹಾಕಿದೆ. ಆ ಮಕ್ಕಳಿಗೆ ಅದೇ ಕಾರ್ನರ್ ಆಟ ಆಡಿಸಿ, ತಲೆ ಬದಲು ಎರಡೂ ಕೈಯಲ್ಲಿ ಹಣೆಯ ಮುಂದೆ ಚೆಂಡು ಹಿಡಿಯೋಕೆ ಹೇಳಿ. ಓಟದ ಸಮಯ, ಹಾರೋ ಸಮಯ ಎರಡೂ ಕಲೀತಾರೆ, ತಲೆಗೆ ಪೆಟ್ಟಿಲ್ಲ. 14 ದಾಟಿದ ಹುಡುಗರಿಗೂ ಒಂದು ಭಾನುವಾರಕ್ಕೆ ತಲಾ ಹತ್ತು ಹೆಡರ್ ಮೀರಬಾರದು. ಸಾಗರದವರು ಹೇಳಿದ ಇಪ್ಪತ್ತು ಚೆಂಡಿನಲ್ಲಿ ಪ್ರತಿಯೊಂದೂ ಒಬ್ಬನ ತಲೆಗೇ ಬರಲ್ಲ, ಆದರೂ ಎತ್ತರದ ಹುಡುಗನ ಲೆಕ್ಕ ಇಟ್ಟಿರಿ, ಅವನಿಗೇ ಹೆಚ್ಚು ಬೀಳುತ್ತೆ.

ಚೆಂಡಿನ ಕಡೆಗೂ ಗಮನ ಕೊಡಿ. ಐದನೇ ಸೈಜಿನ ಚೆಂಡು ಒಣಗಿದ್ದಾಗ 410ರಿಂದ 450 ಗ್ರಾಂ. ಹೊಲಿಗೆ ಸವೆದ ಹಳೇ ಚೆಂಡು ಕೆಸರಲ್ಲಿ ಅರ್ಧ ಗಂಟೆ ಹೊರಳಿದ್ರೆ ನೀರು ಕುಡಿದು ಭಾರ ಆಗುತ್ತೆ, ಅದನ್ನ ತಲೆಗೆ ಕೊಡಬಾರದು. ಎರಡು ಚೆಂಡು ಇಟ್ಟುಕೊಂಡು ಬದಲಾಯಿಸ್ತಾ ಇರಿ, ಹಳೇ ಬೈರಾಸಿನಲ್ಲಿ ಒರೆಸಿ. ಗಾಳಿ ನಿಯಮದ ಪ್ರಕಾರ 8.5ರಿಂದ 15.6 ಪಿಎಸ್‌ಐ. ಹುಡುಗರಿಗೆ 9ರ ಆಸುಪಾಸು ಸಾಕು. ಗೇಜ್ ಇಲ್ಲದೆ ಬೆರಳಲ್ಲಿ ಒತ್ತಿ ನೋಡಿ ಅಂದಾಜು ಮಾಡಿದ್ರೆ ಸಾಮಾನ್ಯವಾಗಿ ಹೆಚ್ಚೇ ತುಂಬಿರುತ್ತೆ.

ತಗಡಿನ ಸದ್ದಿಗೆ ಚಿಂತೆ ಮಾಡಬೇಡಿ, ಕಾಮೆಂಟರಿ ಬೇಕಾಗೇ ಇಲ್ಲ. ಧ್ವನಿ ಬಂದ್ ಮಾಡಿ ತೋರಿಸಿದ್ರೆ ಕಣ್ಣು ಚುರುಕಾಗುತ್ತೆ. ಪಂದ್ಯಗಳ ತುಣುಕುಗಳನ್ನ ಪೇಟೆಯಲ್ಲಿ ಸಿಗ್ನಲ್ ಇರುವಾಗಲೇ ಇಳಿಸಿ ಇಟ್ಟಿರಿ. ಪ್ರೊಜೆಕ್ಟರ್, ಲ್ಯಾಪ್‌ಟಾಪ್ ಸೇರಿ 300 ವ್ಯಾಟ್ ಅಂದ್ಕೊಂಡ್ರೆ, ಚೆನ್ನಾಗಿರೋ 150 ಆಂಪಿಯರ್-ಅವರ್ ಬ್ಯಾಟರಿಯ ಇನ್ವರ್ಟರ್ ಎರಡು ಗಂಟೆ ಧಾರಾಳ ಎಳೆಯುತ್ತೆ. ಆ ಹೊತ್ತಲ್ಲಿ ಅದಕ್ಕೆ ಬೇರೆ ಏನೂ ಸಿಕ್ಕಿಸಬಾರದು, ಟೀ ಕೆಟಲ್ ಅಂತೂ ಮುಟ್ಟಬೇಡಿ.

ಪಶ್ಚಿಮ ಸ್ಟ್ಯಾಂಡ್ (ಶಿವಮೊಗ್ಗ)

ಕ್ವಾಡ್ರಾಟ್ ಬಗ್ಗೆ ಯಾರೂ ಬಿಡಿಸಿ ಬರೀಲಿಲ್ಲ, ನಾನೇ ಬರೀತೀನಿ. 2018-19 ಲೀಗಿನಲ್ಲಿ ನಾವೂ ಗೋವಾನೂ 34 ಅಂಕ. ಸೆಮಿಫೈನಲಿನಲ್ಲಿ ನಾರ್ತ್‌ಈಸ್ಟ್ ಹತ್ತಿರ ಹೊರಗೆ 1-2 ಸೋತು, ಇಲ್ಲಿ 3-0. ಹಿಂದಿನ ವರ್ಷ 15 ಗೋಲು ಹೊಡೆದಿದ್ದ ಮೀಕು ಗಾಯದಿಂದ ತಿಂಗಳುಗಟ್ಟಲೆ ಹೊರಗಿದ್ದ. ಆದರೂ ತಂಡ ಕುಸಿಯಲಿಲ್ಲ. ಫೈನಲಿನಲ್ಲಿ ಹೆಚ್ಚುವರಿ ಸಮಯದ ಮೊದಲಾರ್ಧದ ಕೊನೆಗೆ ಗೋವಾದ ಅಹ್ಮದ್ ಜಾಹು ಎರಡನೇ ಹಳದಿ ಕಾರ್ಡಿಗೆ ಹೊರಗೆ. 105ರಿಂದ 117ನೇ ನಿಮಿಷದ ಆ ಹನ್ನೆರಡು ನಿಮಿಷ ಪೂರ್ತಿ ತೋರಿಸಿ. ಹತ್ತು ಜನರಾದ ತಂಡ ಹಿಂದಕ್ಕೆ ಸರಿದಾಗ ನಡುವಿನಿಂದ ದಾರಿ ಸಿಗಲ್ಲ, ಬದಿಯಿಂದ ಹೋಗಬೇಕು, ಬದಿಯಿಂದ ಹೋದ್ರೆ ಕಾರ್ನರ್ ಸಿಗುತ್ತೆ. ಕಾರ್ನರ್ ಸಿಕ್ಕಿದ್ದು ಅದೃಷ್ಟ ಅಲ್ಲ.

ಹೊಡೆಯೋ ಕಡೆಯ ಅಭ್ಯಾಸಕ್ಕೆ, ನಾಲ್ವರು ಓಡೋರು ಪೆನಾಲ್ಟಿ ಚುಕ್ಕೆಯ ಹಿಂದೆ ಗುಂಪಾಗಿ ನಿಲ್ಲಲಿ. ಮೊದಲೇ ಗೋಲಿನ ಬಾಯಿಗೆ ಹೋಗಿ ನಿಂತ್ರೆ ಓಟಕ್ಕೆ ಜಾಗ ಇಲ್ಲ. ಒಬ್ಬ ಹತ್ತಿರದ ಕಂಬಕ್ಕೆ, ಇಬ್ಬರು ನಡುವಿಗೆ ಒಬ್ಬರ ಹಿಂದೆ ಒಬ್ಬರು, ಒಬ್ಬ ದೂರದ ಕಂಬಕ್ಕೆ. ಯಾವಾಗ ಓಡಬೇಕು? ಒದೆಯೋನು ಕೈ ಎತ್ತಿದಾಗ ಅಲ್ಲ, ಅವನ ಊರುಗಾಲು ಚೆಂಡಿನ ಪಕ್ಕ ನೆಲ ಮುಟ್ಟಿದಾಗ. ಒಂದು ಸೆಕೆಂಡ್ ಮುಂಚೆ ಹೊರಟವನು ಚೆಂಡಿಗಿಂತ ಮೊದಲೇ ಹೋಗಿ ಕಾದು ನಿಲ್ತಾನೆ, ಅಲ್ಲಿಗೆ ಓಡಿ ಬಂದ ಲಾಭ ಮುಗೀತು.

ಮಳೆಯಲ್ಲಿ ಗೋಲಿನ ಕಡೆಗೆ ತಿರುಗೋ ಕಾರ್ನರ್ ಒಳ್ಳೇದು, ಅಂದ್ರೆ ಬಲ ಮೂಲೆಯಿಂದ ಎಡಗಾಲಿನವನು, ಎಡ ಮೂಲೆಯಿಂದ ಬಲಗಾಲಿನವನು. ಒದ್ದೆ ಗ್ಲೌಸಿನಲ್ಲಿ ಗೋಲಿ ಹಿಡಿಯೋಕೆ ಹೆದರ್ತಾನೆ, ಗುದ್ದುತ್ತಾನೆ, ಚೆಂಡು ಪೆಟ್ಟಿಗೆಯ ಅಂಚಿಗೆ ಬೀಳುತ್ತೆ. ಅಲ್ಲಿ ನಿಮ್ಮ ಒಳ್ಳೇ ಹೊಡೆತಗಾರ ಕಾಯ್ತಿರಲಿ. ಒದೆಯೋನ ಊರುಗಾಲು ಜಾರದ ಹಾಗೆ ಮೂಲೆಯಲ್ಲಿ ಒಂದು ಬುಟ್ಟಿ ಮರಳು ಹಾಕಿ ತುಳಿದಿಡಿ. ಮಳೆಗಾಲದ ಅರ್ಧ ಕಾರ್ನರ್ ಕೆಡೋದು ಅಲ್ಲೇ.

ಹುಲಿಕಲ್ 8

ಗ್ರೇಸನ್ ಕಾಲದ್ದು ಎರಡೂ ಬೇಕಾ? ಡುರಾಂಡ್ ಫೈನಲ್ ಇರಲಿ, 18 ಸೆಪ್ಟೆಂಬರ್ 2022, ಮುಂಬೈ ಸಿಟಿ ವಿರುದ್ಧ 2-1. ಶಿವಶಕ್ತಿ ಹತ್ತನೇ ನಿಮಿಷಕ್ಕೆ ಹೊಡೆದ ಗೋಲು ನಿಮ್ಮ ಹುಡುಗರ ವಯಸ್ಸಿಗೆ ಹುರುಪು ಕೊಡುತ್ತೆ. ಆದರೆ 3 ಮಾರ್ಚ್ 2023ರ ಕೇರಳ ಪಂದ್ಯದಲ್ಲಿ ಎದುರಾಳಿ ಮೈದಾನ ಬಿಟ್ಟು ಹೋದರು. ಹುಡುಗರಿಗೆ ಅದನ್ನ ತೋರಿಸೋದು ಸರಿಯಾ ಅಂತ ನನಗೆ ಅನುಮಾನ.

ಜಂಬಿಟ್ಟಿಗೆ ಗ್ರೌಂಡ್ (ಸಾಗರ)

ತೋರಿಸಲೇಬೇಕು ಅಣ್ಣ, ಜಗಳಕ್ಕಲ್ಲ, ನಿಯಮಕ್ಕೆ. 96ನೇ ನಿಮಿಷ, ಕೇರಳದವರು ಚೆಂಡಿಗೆ ಅಡ್ಡ ಸಾಲಾಗಿ ನಿಂತು ಗೋಡೆ ಕಟ್ಟೋ ಮೊದಲೇ ಛೇತ್ರಿ ಫ್ರೀಕಿಕ್ ಒದ್ದು ಗೋಲು ಮಾಡಿದ. ಒದೆಯೋ ತಂಡ 9.15 ಮೀಟರ್ ದೂರ ಕೇಳದಿದ್ರೆ, ರೆಫರಿ ಶಿಳ್ಳೆಗೆ ಕಾಯಿರಿ ಅನ್ನದಿದ್ರೆ, ಬೇಗ ಒದೆಯೋ ಹಕ್ಕು ಇದೆ. ಎದುರಾಳಿ ಸಿದ್ಧ ಇಲ್ಲ ಅನ್ನೋದು ಕಾರಣ ಆಗಲ್ಲ. ಹಾಗಾಗಿ ಫ್ರೀಕಿಕ್ ಕೊಟ್ಟ ಕ್ಷಣದಿಂದ ಒಬ್ಬ ಚೆಂಡನ್ನೇ ನೋಡ್ತಿರಬೇಕು, ಗೋಲಿ ಗೋಡೆ ಸರಿಮಾಡೋಕೆ ಕಂಬದ ಹತ್ತಿರ ಹೋಗಿ ನಿಲ್ಲಬಾರದು. ಮೈದಾನ ಬಿಟ್ಟು ಹೋದದ್ದಕ್ಕೆ ಆ ಕ್ಲಬ್ಬಿಗೆ 4 ಕೋಟಿ ದಂಡ, ಕೋಚ್ ಇವಾನ್ ವುಕೊಮನೋವಿಚ್ ಅವರಿಗೆ 10 ಪಂದ್ಯ ನಿಷೇಧ ಆಯ್ತು ಅನ್ನೋದನ್ನೂ ಹೇಳಿ. ನಮ್ಮ ಕಡೆ ಊರ ಪಂದ್ಯಗಳಲ್ಲಿ ತಂಡ ಎದ್ದು ಹೋಗೋದು ಹೊಸದಲ್ಲ, ಅದಕ್ಕೇ ಇದು ಬೇಕು.

ಅಡಿಕೆ ದಬ್ಬೆ (ಹೊಸನಗರ)

ಮೂಲೆ ಬಾವುಟದ ಬಗ್ಗೆ ಒಂದು ಮಾತು ಬಾಕಿ. ಕಂಬ ಕನಿಷ್ಠ ಒಂದೂವರೆ ಮೀಟರ್ ಎತ್ತರ ಇರಬೇಕು, ತುದಿ ಚೂಪು ಇರಬಾರದು. ಗಿಡ್ಡ ಕೋಲು ನೆಟ್ಟರೆ ಕಣ್ಣಿಗೆ ಚುಚ್ಚೋ ಅಪಾಯ. ಅಡಿಕೆ ದಬ್ಬೆ ಎರಡು ಬೆರಳು ಅಗಲಕ್ಕೆ ಸೀಳಿಸಿ, ಸಿಬಿರು ಹೋಗೋ ಹಾಗೆ ಮಚ್ಚಿನಿಂದ ಎರಡೂ ಅಂಚು ಹೆರೆಸಿ. ತುದಿಗೆ ಸೈಕಲ್ ಟ್ಯೂಬಿನ ತುಂಡು ಸುತ್ತಿ. ನೆಲಕ್ಕೆ ಒಂದಡಿ ಇಳಿಯಬೇಕು, ಹಾಗಾಗಿ ಒಟ್ಟು ಆರಡಿ ಕತ್ತರಿಸಿ. ಒದ್ದೆ ಮಣ್ಣಲ್ಲಿ ಅಲ್ಲಾಡಿದ್ರೆ ಬುಡಕ್ಕೆ ನಾಲ್ಕು ಜಂಬಿಟ್ಟಿಗೆ ಚೂರು ಬಡಿದು ಕೂರಿಸಿ, ಆದರೆ ಚೂರು ನೆಲದ ಮಟ್ಟಕ್ಕಿಂತ ಮೇಲೆ ಬರಬಾರದು. ನಾಲ್ಕು ಕಂಬ ಬೇಕು, ಆರು ಮಾಡಿಟ್ಟುಕೊಳ್ಳಿ. ಮಳೆಗಾಲ ಕಳೆಯೋದರೊಳಗೆ ಎರಡಾದರೂ ಬುಡದಲ್ಲಿ ಕೊಳೆತು ಮುರಿಯುತ್ತೆ.